ಎಲ್ಸಿಯ ಅನ್ನದ ಪಾತ್ರೆ

ಶುಕ್ರವಾರ ಬಂದರೆ ಎಲ್ಸಿಗೂ ವೆರೋನಿಕಾಗೂ ಅನ್ನದ ವಿಷಯದಲ್ಲಿ ಜಗಳ. ಕೊಲ್ಲಿ ದೇಶದ ದೇರಾದಲ್ಲಿ ಅವರು ಇತರರೊಡನೆ ಹಂಚಿಕೊಂಡಿದ್ದ ಫ್ಲ್ಯಾಟಿನಲ್ಲಿ ಕುಕ್ಕರ್ ಇದ್ದರೂ ಎಲ್ಸಿ ಕುಚ್ಚಲಕ್ಕಿಯನ್ನು ತೆರೆದ ಪಾತ್ರೆಯಲ್ಲೇ ಬೇಯಿಸುತ್ತಿದ್ದಳು. ಬೇಯುವಷ್ಟು ಹೊತ್ತು ಒಲೆಯ ಪಕ್ಕದ ಸ್ಟೂಲಿನಲ್ಲಿ ಜಪಸರ ಹಿಡಿದು ಕೂರುವಳು. ಅಲ್ಲಿ ವಾರದ ರಜೆ ಶುಕ್ರವಾರ, ಚರ್ಚಿನ ವಾರದ ಪೂಜೆಯೂ ಅಂದೇ; ವೆರೋನಿಕಾ ಮೊದಲೇ ಇಗರ್ಜಿಗೆ ಹೋಗಿ ಇಬ್ಬರಿಗೂ ಜಾಗ ಹಿಡಿಯಬೇಕು. ಪ್ರವೇಶಗೀತೆ ಮುಗಿದ ಮೇಲೆ ಎಲ್ಸಿ ಬೆವರೊರೆಸಿಕೊಳ್ಳುತ್ತ ಬಂದು ಪಕ್ಕದಲ್ಲಿ ನುಸುಳುವಳು.

“ನಿನಗೆ ದೇವರಿಗಿಂತ ಅನ್ನ ದೊಡ್ಡದು.”

“ಕುಕ್ಕರಿನದ್ದು ಮುದ್ದೆ ಆಗ್ತದೆ ಮಾರಾಯ್ತಿ. ಊಟಕ್ಕೆ ಕೂತಾಗ ನೀನೇ ಎರಡು ಸಲ ಹಾಕಿಸಿಕೊಳ್ತಿ, ಆಗ ದೇವರ ನೆನಪಾಗುದಿಲ್ಲ ಅಲ್ಲ?”

ಎಲ್ಸಿ ಕಿನ್ನಿಗೋಳಿ ಕಡೆಯವಳು. ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸ. ಪ್ರಾರ್ಥನಾ ಕೂಟದಲ್ಲಿ ಬಾಯಿ ಬಿಟ್ಟವಳಲ್ಲ. ಆ ಕೂಟ ನಡೆಸುತ್ತಿದ್ದ ವೆರೋನಿಕಾಗೆ ಅದೂ ಒಂದು ಕೊರತೆಯಾಗಿ ಕಾಣುತ್ತಿತ್ತು.

೨೦೧೪ರ ಆಗಸ್ಟಿನ ಒಂದು ಶುಕ್ರವಾರ ವೆರೋನಿಕಾಗೆ ರೇಗಿತು. ಎಲ್ಸಿಗೆ ಬುದ್ಧಿ ಬರಲಿ ಎಂದು ಹಿಡಿದಿಟ್ಟ ಜಾಗವನ್ನು ಬೇರೊಬ್ಬರಿಗೆ ಕೊಟ್ಟಳು. ಎಲ್ಸಿ ಬಾಗಿಲಲ್ಲಿ ಇಣುಕಿ, ತುಂಬಿದ ಬೆಂಚು ನೋಡಿ, ಇರಲಿ ಎಂಬಂತೆ ತಲೆಯಾಡಿಸಿ ಹಿಂದೆ ಸರಿದಳು. ಅಂಗಳದ ಸೆಕೆಯಲ್ಲಿ ನಿಂತೇ ಪೂಜೆ ಮುಗಿಸಿದಳು. ಮನೆಗೆ ಬಂದು ಏನೂ ಆಗದವಳಂತೆ ಬಡಿಸಿದಳು. ಮೀನಿನ ದೊಡ್ಡ ತುಂಡು ವೆರೋನಿಕಾಳ ತಟ್ಟೆಗೇ ಬಿತ್ತು. ನಾಳೆ ಕ್ಷಮೆ ಕೇಳಿದರಾಯಿತು ಎಂದುಕೊಂಡಳು ವೆರೋನಿಕಾ. ನಾಳೆ, ನಾಡಿದ್ದು ಎನ್ನುತ್ತಲೇ ಬುಧವಾರ ಬಂತು. ಅಂದು ಕೆಲಸದ ಜಾಗದಲ್ಲೇ ಎಲ್ಸಿಯ ಹೃದಯ ನಿಂತಿತು.

ದೇಹವನ್ನು ಊರಿಗೆ ಕಳಿಸಿದ ಮೇಲಿನ ಮೊದಲ ಶುಕ್ರವಾರ ಅಡುಗೆ ವೆರೋನಿಕಾಳ ಪಾಲಿಗೆ ಬಂತು. ಕುಕ್ಕರಿಗೆ ಅಕ್ಕಿ ಹಾಕಿದಳು. ಮೊದಲ ಸೀಟಿ ಕೂಗಿದ್ದೇ ತಡ, ಅಡುಗೆಮನೆಗೆ ತಾಗಿದ ಪರದೆಯಾಚೆ ಯಾರೋ ಗಾಬರಿಯಿಂದ ಎದ್ದು ಕುಳಿತ ಸದ್ದು. ಅದೇ ಫ್ಲ್ಯಾಟಿನ ಇನ್ನೊಬ್ಬಳು, ಲೋಲಾಕ್ಷಿ. ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಬಂದು ಆಗಷ್ಟೇ ಮಲಗಿದ್ದಳು. ಅವಳದು ರಾತ್ರಿಪಾಳಿ ಎಂದು ವೆರೋನಿಕಾಗೆ ಗೊತ್ತಿತ್ತು. ಗೊತ್ತಿತ್ತು, ಅಷ್ಟೇ.

“ಎಂತಾಯ್ತಕ್ಕ? ಓ, ಕುಕ್ಕರಾ!”

“ಎಬ್ಬಿಸಿಬಿಟ್ಟೆನಾ?”

“ಪರವಾಗಿಲ್ಲಕ್ಕ, ಅಭ್ಯಾಸ ತಪ್ಪಿತ್ತು. ನಂಗೆ ನೈಟ್ ಡ್ಯೂಟಿ ಶುರುವಾದ ಮೇಲೆ ಎಲ್ಸಿಯಕ್ಕ ಕುಕ್ಕರ್ ಮುಟ್ಟಲೇ ಇಲ್ಲ. ಬೇಡ ಅಂದ್ರೂ ಕೇಳ್ಲಿಲ್ಲ. ‘ನೀನು ಮಲಗು, ನಂಗೂ ಜಪಕ್ಕೆ ಹೊತ್ತು ಸಿಗ್ತದೆ’ ಅಂತ ಹೇಳ್ತಿದ್ರು. ನಿಮ್ಗೆ ಹೇಳಿರ್ಲಿಲ್ವಾ?”

ಹೇಳಿರಲಿಲ್ಲ. ವೆರೋನಿಕಾ ಕೇಳಿಯೂ ಇರಲಿಲ್ಲ.

ಅವಳು ಒಲೆ ಆರಿಸಿದಳು. ಆವಿ ಇಳಿದ ಮೇಲೆ ಅರೆಬೆಂದ ಅಕ್ಕಿಯನ್ನು ಎಲ್ಸಿಯ ಪಾತ್ರೆಗೆ ಸುರಿದು ಮತ್ತೆ ಒಲೆಗಿಟ್ಟಳು. ಸ್ಟೂಲಿನಲ್ಲಿ ಕುಳಿತು ಜಪಸರ ತೆಗೆದಳು. ಕೂಟದಲ್ಲಿ ಸರಾಗವಾಗಿ ಹರಿಯುತ್ತಿದ್ದ ಪ್ರಾರ್ಥನೆ ನಾಲಿಗೆಗೆ ಬರಲಿಲ್ಲ. ಬಾಗಿಲಲ್ಲಿ ಇಣುಕಿ ಹಿಂದೆ ಸರಿದ ಆ ಮುಖವೇ ಕಣ್ಣ ಮುಂದೆ ಬಂತು.

ಇಗರ್ಜಿ ತಲುಪುವಾಗ ತಡವಾಗಿತ್ತು. ಒಳಗಿದ್ದ ಪರಿಚಿತರೊಬ್ಬರು ಒತ್ತಿ ಕುಳಿತು ಜಾಗ ಮಾಡಿ ಕೈಬೀಸಿ ಕರೆದರು. ವೆರೋನಿಕಾ ಹೋಗಲಿಲ್ಲ. ಅಂಗಳದ ಸೆಕೆಯಲ್ಲೇ ನಿಂತಳು.