ಕಿಸೆಯಲ್ಲಿದ್ದ ಗುಳಿಗೆ

ಹರ್ನಿಯಾ ಆಪರೇಷನ್ ಆಗಿ ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಮಲಗಿದ್ದೇನೆ. ನೋಡಲು ಬಂದವರೆಲ್ಲ ತಂದಿಟ್ಟ ನಿಂಬೆಹಣ್ಣುಗಳು ತಲೆದೆಸೆಯಲ್ಲಿ ಗುಡ್ಡೆ ಬಿದ್ದಿವೆ. ಆ ವಾಸನೆ ಮೂಗಿಗೆ ಬಡಿದಾಗೆಲ್ಲ ಸಿಟ್ಟು ನೆತ್ತಿಗೇರುತ್ತದೆ. ಹಣ್ಣಿನ ಮೇಲಲ್ಲ, ಹಣ್ಣಿನ ಜೊತೆ ಪುಕ್ಕಟೆ ವೈದ್ಯ ಹೇಳುವವರ ಮೇಲೆ. ಅಂಥವರಲ್ಲಿ ನಾನೇ ಮೊದಲಿಗ, ಕೇಳಿ.

ಆರು ವರ್ಷದ ಹಿಂದೆ ಮಸ್ಕಿಯ ನನ್ನ ಚಿಗವ್ವನಿಗೆ, ಅಂದರೆ ಅವ್ವನ ತಂಗಿಗೆ, ಎದೆಯಲ್ಲಿ ಗಡ್ಡೆಯಾಗಿ ಕೀಮೋ ಶುರುವಾಯಿತು. ನಾನು ಸಿಂಧನೂರಿನ ಕಚೇರಿಯೊಂದರಲ್ಲಿ ಗುಮಾಸ್ತ. ಇಂಗ್ಲಿಷ್ ಚೀಟಿ ಓದಬಲ್ಲೆ ಎಂಬ ಒಂದೇ ಕಾರಣಕ್ಕೆ ನಮ್ಮ ಮನೆತನಕ್ಕೆ ನಾನು ಅರ್ಧ ಡಾಕ್ಟರ್. ಆ ಭ್ರಮೆ ಕಳೆಯುವ ಗೋಜಿಗೆ ನಾನೂ ಹೋಗಲಿಲ್ಲ. ಗುಳಿಗೆಗಳ ಉಸ್ತುವಾರಿ ನನ್ನದಾಯಿತು.

ವಾಂತಿಯ ಗುಳಿಗೆ ಕೀಮೋಗೆ ಮುಂಚೆ ಒಂದು, ಆಮೇಲೂ ಎರಡು ದಿನ ಹೊತ್ತಿಗೆ ಸರಿಯಾಗಿ ಎಂದು ಚೀಟಿಯಲ್ಲಿತ್ತು. ಓದಿ ನಕ್ಕೆ. ವಾಂತಿಯೇ ಬಂದಿಲ್ಲ, ಗುಳಿಗೆ ಯಾತಕ್ಕೆ? ಬಂದಾಗ ಕೊಟ್ಟರಾಯಿತೆಂದು ಅಂಗಿಯ ಕಿಸೆಗೆ ಹಾಕಿಕೊಂಡೆ. ವಾಂತಿ ಬಂತು. ಗುಳಿಗೆ ಕೊಟ್ಟೆ, ಅದೂ ಹೊರಗೆ ಬಂತು.

ಇದಕ್ಕೆ ನೆಂಟರ ಬೆಂಬಲ ಬೇರೆ. ಜವಳಗೇರಾದ ಮಾವ ನಿಂಬೆಹಣ್ಣು ಹಿಡಿದು ಬಂದು, ಗೋಡೆಗೆ ಒರಗಿ ತೀರ್ಪು ಕೊಟ್ಟ: “ಆಗಲಿ ಬಿಡು. ಒಳಗಿನ ವಿಷ ಹೊರಗ ಹೊಂಟೈತಿ. ಔಷಧ ನಾಟೈತಿ ಅಂತ ತಿಳಿ.” ಭತ್ತದ ಗದ್ದೆಗೆ ಔಷಧ ಹೊಡೆದ ಅನುಭವದ ಮೇಲೆ ಅವನು ಕ್ಯಾನ್ಸರಿಗೂ ತಜ್ಞ. ನಾನು ಗಂಭೀರವಾಗಿ ತಲೆದೂಗಿದೆ.

ಎರಡನೇ ಕೀಮೋ ಮುಗಿಯುವಷ್ಟರಲ್ಲಿ ಚಿಗವ್ವ ನೀರಿನ ತಂಬಿಗೆ ಕಂಡರೂ ಮುಖ ತಿರುಗಿಸುತ್ತಿದ್ದಳು.

“ಗಡ್ಡಿ ಕೊಂದ್ರ ಕೊಲ್ಲಲಿ. ಇನ್ನ ನಾ ಬರಂಗಿಲ್ಲೋ ತಮ್ಮಾ.”

ಆಗ ನನಗೆ ಹೆದರಿಕೆಯಾಯಿತು. ಡಾಕ್ಟರಿಗೆ ಒಂದು ಮಾತು ಹೇಳಿ ಬರೋಣವೆಂದು ಅಂಗಲಾಚಿ ಕರೆದೊಯ್ದೆ. “ಕೀಮೋಕ್ಕಿಂತ ಮೊದಲಿನ ಗುಳಿಗಿ ಯಾವಾಗ ಕೊಟ್ರಿ?” ಎಂದು ನರ್ಸ್ ಕೇಳಿದಳು. ನಾನು ಜತನವಾಗಿ ಉಳಿಸಿಟ್ಟಿದ್ದನ್ನು ಕಿಸೆಯಿಂದ ತೆಗೆದು ತೋರಿಸಿ, ವಾಂತಿಯಾದರೆ ಔಷಧ ನಾಟಿದಂತಲ್ಲವೇ ಎಂದೆ. ಅವಳು ನನ್ನನ್ನು ನೋಡಿದ ನೋಟ ಇಂದಿಗೂ ಮರೆತಿಲ್ಲ.

“ಸಾಹೇಬ್ರ, ಇದು ವಾಂತಿ ಬರಬಾರದು ಅಂತ ಕೊಡೂದು. ನೀವು ಬರಲಿ ಅಂತ ಕಾಯಾಕತ್ತೀರಲ್ಲ! ವಾಂತಿ ಆದ್ರಷ್ಟ ಔಷಧ ನಾಟತೈತಿ ಅಂತ ಯಾರು ಹೇಳ್ಯಾರ ನಿಮಗ?”

ಮಾವನ ಹೆಸರು ಹೇಳಲು ನಾಚಿಕೆಯಾಯಿತು. ಎರಡು ಸಲ ಆ ಜೀವವನ್ನು ಸುಮ್ಮನೆ ಹಿಂಡಿ ಹಾಕಿದವನು ನಾನೇ.

ಮುಂದಿನ ಸಲ ಗುಳಿಗೆ ಹೊತ್ತಿಗೆ ಸರಿಯಾಗಿ ಹೋಯಿತು. ಹೊಟ್ಟೆ ತೊಳಸುವುದು ಪೂರ್ತಿ ನಿಲ್ಲದಿದ್ದರೂ ಚಿಗವ್ವ ಸಂಜೆಗೆ ಅರ್ಧ ರೊಟ್ಟಿ ತಿಂದಳು. ಉಳಿದ ಕೀಮೋಗಳನ್ನೂ ಮುಗಿಸಿದಳು.

ನಿನ್ನೆ ನನ್ನ ಆಪರೇಷನ್ನಿಗೆ ಮುಂಚೆ ಅರಿವಳಿಕೆ ಡಾಕ್ಟರು, “ಬಸ್ಸಿನ್ಯಾಗ ವಾಂತಿ ಆಗತೈತೇನ್ರಿ?” ಎಂದು ಕೇಳಿದರು. ಮರ್ಯಾದಸ್ಥನಂತೆ ಇಲ್ಲವೆಂದೆ.

ಪಕ್ಕದಲ್ಲಿದ್ದ ಚಿಗವ್ವ ಬಿಡಬೇಕಲ್ಲ! “ಸುಳ್ಳರೀ ಡಾಕ್ಟ್ರ. ಸಿಂಧನೂರು ಬಸ್ಸು ಮಸ್ಕಿ ಮುಟ್ಟೂದ್ರಾಗ ಎರಡು ಸಲ ಕಿಟಕ್ಯಾಗ ತಲಿ ಹಾಕತಾನ.”

ಅಂಥವರಿಗೆ ಆಪರೇಷನ್ ಆದಮೇಲೂ ವಾಂತಿ ಜಾಸ್ತಿ ಎಂದು ಡಾಕ್ಟರು ಮೊದಲೇ ಒಂದು ಇಂಜೆಕ್ಷನ್ ಬರೆದರು. ಎಚ್ಚರವಾದಾಗ ಓಕರಿಕೆಯ ಸುಳಿವಿಲ್ಲ.

“ನೋಡಿದೇನು ಚಿಗವ್ವಾ, ನನಗ ಏನೂ ಆಗಲಿಲ್ಲ,” ಎಂದು ಈಗಷ್ಟೇ ಜಂಬ ಕೊಚ್ಚಿದೆ.

ಅವಳು ನಿಂಬೆಹಣ್ಣುಗಳನ್ನು ಚೀಲಕ್ಕೆ ತುಂಬುತ್ತಿದ್ದವಳು ತಲೆ ಎತ್ತಲಿಲ್ಲ.

“ಈ ಸಲ ಔಷಧ ನಿನ್ನ ಕಿಸೇದಾಗ ಇರಲಿಲ್ಲಪ್ಪ,” ಎಂದಳು.