ಗಂಗವ್ವನ ಮಾತು, ನನ್ನ ಹೆಸರು

ಕಳೆದ ವರ್ಷ ಶ್ರಾವಣದಲ್ಲಿ ಪಕ್ಕದ ಮನೆಯಿಂದ ಒಂದು ಬಟ್ಟಲು ಗಿಣ್ಣ ಬಂತು. ನಾವಿರುವುದು ವಿಜಯಪುರ ಶಹರದ ಅಂಚಿನ ಓಣಿ. ಈಗಲೂ ಎರಡು ಮನೆಯವರು ಆಕಳು ಕಟ್ಟಿದ್ದಾರೆ. ಮುಚ್ಚಳ ತೆಗೆದೆ. ಬೆಲ್ಲದ ವಾಸನೆ, ಏಲಕ್ಕಿಯ ವಾಸನೆ, ಅವೆರಡರ ಕೆಳಗೆ ಈದ ಆಕಳಿನ ಮೊದಲ ಹಾಲಿಗೆ ಮಾತ್ರ ಇರುವ ಒಂದು ದಟ್ಟ ವಾಸನೆ. ತಂದುಕೊಟ್ಟ ಹೆಣ್ಣುಮಗಳಿಗೆ ಸಂಭ್ರಮವೋ ಸಂಭ್ರಮ.

“ನಾಕ ಸಲ ತಿರುಗಿತ್ತರಿ ಅಜ್ಜಾರ. ಐದನೇದಕ್ಕ ಗಬ್ಬ ನಿಂತು. ಹೆಣ್ಣ ಕರ ಹಾಕೇತಿ, ತಿನ್ನರಿ.”

ದನ ಕಟ್ಟದವರಿಗೆ ಹೇಳುತ್ತೇನೆ. ಬೆದೆಗೆ ಬಂದ ಆಕಳಿಗೆ ದನದ ದವಾಖಾನೆಯಲ್ಲಿ ಗಬ್ಬದ ಸೂಜಿ ಹಾಕಿಸಿದ ಮೇಲೂ ಅದು ಗಬ್ಬವಾಗದೆ ಮೂರು ವಾರಕ್ಕೆ ಮತ್ತೆ ಬೆದೆಗೆ ಬಂದರೆ ‘ತಿರುಗಿತು’ ಎನ್ನುತ್ತಾರೆ. ಆ ಒಂದು ಮಾತು ಕೇಳಿದ್ದೇ ತಡ, ನನ್ನ ಕೈಯಲ್ಲಿದ್ದ ಚಮಚ ಬಟ್ಟಲಿಗೇ ಇಳಿಯಿತು. ಗಿಣ್ಣವೆಂದರೆ ಪ್ರಾಣ ಬಿಡುವವನು ನಾನು. ಅಂದು ಸೊಸೆಯ ಮುಂದೆ ಹಲ್ಲುನೋವಿನ ನೆವ ಹೇಳಿ ಎದ್ದೆ. ಸುಳ್ಳು ಹೇಳುವುದು ನನಗೆ ಮೊದಲಿನಿಂದಲೂ ಸುಲಭವಾಗಿ ಬರುತ್ತದೆ. ಈಗ ಹೇಳಹೊರಟಿರುವುದೂ ಅದರದೇ ಕಥೆ. ನೀವು ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ನಾನು ಹುಟ್ಟಿದ್ದು ಇಟ್ಟಂಗಿಹಾಳದಲ್ಲಿ. ಹಳ್ಳಿಯವನೆಂಬ ಹೆಸರಷ್ಟೇ, ನಮಗೆ ಹೊಲವೂ ಇರಲಿಲ್ಲ, ದನವೂ ಇರಲಿಲ್ಲ. ಅಪ್ಪ ಶಹರದ ಹಿಟ್ಟಿನ ಗಿರಣಿಯಲ್ಲಿ ದುಡಿಯುತ್ತಿದ್ದ. ನಾನು ಹತ್ತನೆಯ ಇಯತ್ತೆಯನ್ನು ಎರಡನೆಯ ಸಲಕ್ಕೆ ದಾಟಿ, ರೈತರಿಗೆ ತಿಳಿವಳಿಕೆ ಕೊಡುವ ಒಂದು ಕಚೇರಿಯಲ್ಲಿ ಸಹಾಯಕನಾಗಿ ಸೇರಿದೆ. ಹಳ್ಳಿಹಳ್ಳಿಗೆ ಹೋಗಿ ಮುದ್ರಿಸಿದ ಹಾಳೆಗಳನ್ನು ಹಂಚಿ, ಓದಿ ಹೇಳಿ ಬರುವುದು ಕೆಲಸ. ಆ ಹಾಳೆಗಳು ದೂರದಿಂದ ಬರುತ್ತಿದ್ದವು. ಅವುಗಳಲ್ಲಿ ‘ಹಸು’, ‘ನೇಗಿಲು’, ‘ಉಳುಮೆ’ ಎಂದಿರುತ್ತಿತ್ತು. ನಮ್ಮವರು ಆಕಳು ಕಟ್ಟಿ ರಂಟೆ ಹೊಡೆಯುವವರು. ಬಬಲೇಶ್ವರದಲ್ಲಿ ಒಬ್ಬ ರೈತ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ ಕೇಳಿದ್ದ: “ಇದು ಯಾವ ಊರ ಕನ್ನಡರಿ? ನಮ್ಮ ದನಕ್ಕ ತಿಳೀತೈತೇನು?”

ಈ ದೂರು ನಮ್ಮ ಸಾಹೇಬರ ತನಕ ಹೋಯಿತು. ಅವರು ದಕ್ಷಿಣದ ಕಡೆಯವರು, ಒಳ್ಳೆಯವರು. “ನೀವು ಈ ಕಡೆಯವರೇ ಅಲ್ವಾ? ಒಕ್ಕಲುತನದ ಮಾತು, ದನಕರುಗಳ ಮಾತು ಎಲ್ಲಾ ಸೇರಿಸಿ, ಅರ್ಥ ಬರೆದು ಒಂದು ಚಿಕ್ಕ ಪುಸ್ತಕ ಮಾಡಿಕೊಡಿ” ಎಂದರು. ‘ನನಗೇನೂ ಗೊತ್ತಿಲ್ಲ ಸರ್’ ಎಂದು ಅಲ್ಲೇ ಹೇಳಿದ್ದರೆ ಈ ಬರಹಕ್ಕೆ ಕಾರಣವೇ ಇರುತ್ತಿರಲಿಲ್ಲ. ನಾನು ತಲೆಯಾಡಿಸಿದೆ.

ಯಾರನ್ನು ಕೇಳಿದರೂ ಒಂದೇ ಹೆಸರು ಬಂತು: ಮಮದಾಪುರದ ಗಂಗವ್ವ. ಹಾಗಾಗಿ ಒಂದು ಮುಂಜಾನೆ ಬಬಲೇಶ್ವರದ ಮೇಲಿಂದ ಹೋಗುವ ಬಸ್ಸು ಹತ್ತಿ, ಕಂಕುಳಲ್ಲಿ ನೋಟುಬುಕ್ಕು ಇಟ್ಟುಕೊಂಡು ಇಳಿದೆ. ಕೆರೆಯ ಏರಿಯ ಕೆಳಗೆ ಆಕೆಯ ದನದ ಕೊಟ್ಟಿಗೆ. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವಳು. ಕಟ್ಟುಮಸ್ತಾದ ಹೆಂಗಸು. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಸೆಗಣಿ ಬಾಚುತ್ತಿದ್ದಳು.

“ಬರ್ರಿ ಸಾಹೇಬ್ರ” ಎಂದು ಕರೆದಳು. ಆ ‘ಸಾಹೇಬ್ರ’ ಹೆಚ್ಚು ಹೊತ್ತು ಬಾಳಲಿಲ್ಲ. ದನದ ವಯಸ್ಸನ್ನು ಹಲ್ಲಿನಿಂದ ಹೇಳುತ್ತಾರಲ್ಲ, ಅದನ್ನು ತೋರಿಸೆಂದು ಕೇಳಿದೆ. ಆಕೆ ಒಂದು ಎತ್ತಿನ ಬಾಯಿ ಅಗಲಿಸಿ ಹಿಡಿದಳು. ನಾನು ಬಗ್ಗಿ ನೋಡಿ ಬಹಳ ಗಂಭೀರವಾಗಿ ನುಡಿದೆ: “ಪಾಪ, ಮ್ಯಾಲಿನ ಮುಂದಿನ ಹಲ್ಲ ಎಲ್ಲಾ ಬಿದ್ದಾವಲ್ಲ. ಭಾಳ ವಯಸ್ಸಾಗೈತೇನು?”

ಗಂಗವ್ವ ಎತ್ತಿನ ಬಾಯಿ ಬಿಟ್ಟು, ಗೋದಲಿ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಕೆಮ್ಮಿದಳು. “ತಮ್ಮಾ! ದನಕ್ಕ ಮ್ಯಾಲ ಮುಂದಿನ ಹಲ್ಲ ಹುಟ್ಟಿದಾಗಿಂದನ ಇರೂದಿಲ್ಲೋ! ಸಾಲಿ ಕಲ್ತು ಏನ ಎಣಿಸಿದಿ?” ಆ ಗಳಿಗೆಯಿಂದ ನಾನು ತಮ್ಮ, ಆಕೆ ಅಕ್ಕ.

ಆಮೇಲೆ ಕಲಿಸಿದಳು ನೋಡಿ. ಕೆಳಗಿನ ಹಾಲುಹಲ್ಲು ಎರಡು ಬಿದ್ದು ಅಗಲವಾದ ಎರಡು ಬಂದರೆ ಅದು ಎರಡು ಹಲ್ಲಿನ ಹೋರಿ. ಆಮೇಲೆ ನಾಲ್ಕು, ಆಮೇಲೆ ಆರು. ಎಂಟೂ ಬಂದರೆ ಬಾಯಿಗೂಡಿತು, ಎತ್ತು ತುಂಬು ಪ್ರಾಯಕ್ಕೆ ಬಂತು. ಇನ್ನೂ ಈಯದ ಹರೆಯದ ಆಕಳು ಮಣಕ. ಹದವೆಂದರೆ ಏನೆಂದು ಕೇಳಿದಾಗ ಬಾಯಲ್ಲಿ ಹೇಳಲಿಲ್ಲ, ಹೊಲಕ್ಕೆ ಕರೆದೊಯ್ದಳು. ನಾಲ್ಕು ಬೆರಳು ಆಳದ ಎರೆಮಣ್ಣು ಹಿಡಿದು ಉಂಡೆ ಕಟ್ಟಿಸಿ, “ಸ್ವಂಟದ ಎತ್ತರಕ್ಕ ಹಿಡದು ಬಿಡು” ಎಂದಳು. ನನ್ನ ಉಂಡೆ ನೆಲಕ್ಕೆ ಬಿದ್ದು ಚಪ್ಪಟೆಯಾಗಿ ಕೂತಿತು. “ಹಸಿ ಹೆಚ್ಚಾತು. ಈಗ ಬಿತ್ತಿದ್ರ ಬೀಜ ಕೊಳಿತೈತಿ. ಉಂಡಿನ ಕಟ್ಟಲಿಲ್ಲ ಅಂದ್ರ ಒಣಗೇತಿ. ಬಿದ್ದು ಪುಡಿ ಆತು ಅಂದ್ರ ಅದ ಹದ. ಇನ್ನ ಎರಡ ದಿನ ತಡಿ.” ಎರಡು ದಿನ ಬಿಟ್ಟು ಅದೇ ಜಾಗದಲ್ಲಿ ನಾನೇ ಉಂಡೆ ಬಿಟ್ಟೆ. ಹುಡಿಯಾಗಿ ಚೆಲ್ಲಿತು. ಇಷ್ಟು ವರ್ಷ ಹಾಳೆಗಳಲ್ಲಿ ‘ಸೂಕ್ತ ತೇವಾಂಶ’ ಎಂದು ಗಟ್ಟಿಯಾಗಿ ಓದಿದವನಿಗೆ ಅಂದು ಮೊದಲ ಸಲ ಅದರ ಅರ್ಥ ಅಂಗೈಗೆ ಹತ್ತಿತು.

ಹನ್ನೊಂದು ಸಲ ಹೋದೆ. ಆಕೆಗೆ ಅಕ್ಷರ ಬಾರದು. ಆದರೆ ಒಂದು ಮಾತನ್ನೂ ಕಾಣದೆ ಹೇಳಿದವಳಲ್ಲ. “ಇದು ನಂಗ ಗೊತ್ತಿಲ್ಲ, ಕುರಿ ಕಾಯೋರನ್ನ ಕೇಳು” ಎಂದು ಎಷ್ಟು ಸಲ ಹೇಳಿದಳೋ! ಟಿಕೋಟಾ ಕಡೆಯ ದ್ರಾಕ್ಷಿಯ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಅದರ ಬಗ್ಗೆ ಕೇಳಿದಾಗಲೂ ಅಷ್ಟೇ: “ನಾ ದ್ರಾಕ್ಷಿ ತಿಂದೀನಿ ಅಷ್ಟ. ತಿಂದಾಕಿ ಹೇಳಬಾರದು, ಕಡದಾಂವ ಹೇಳಬೇಕು.” ದೊಡ್ಡ ದೊಡ್ಡ ಭಾಷಣ ಕೇಳಿದ್ದೇನೆ, ಇಷ್ಟು ನೇರವಾಗಿ ತನ್ನ ತಿಳಿವಿನ ಗಡಿಗೆ ಕಲ್ಲು ನೆಟ್ಟವರನ್ನು ನಾನು ಬೇರೆ ಕಂಡಿಲ್ಲ.

ಬೆದೆಯ ಬಗ್ಗೆ ಹೇಳಿದ ದಿನ ಮಾತ್ರ ಆಕೆ ನನ್ನ ಪೆನ್ನನ್ನೇ ದಿಟ್ಟಿಸುತ್ತಿದ್ದಳು. “ಇದನ್ನ ಸರಿ ಬರಿ ತಮ್ಮಾ. ಮುಂಜಾನಿ ಬೆದಿಗೆ ಬಂದ್ರ ಸಂಜಿಗೆ ಸೂಜಿ ಹಾಕಸಬೇಕು. ಸಂಜಿಗೆ ಬಂದ್ರ ಮರದಿನ ಮುಂಜಾನಿ. ಒದರಾಕ ಹತ್ತೇತಿ ಅಂತ ಕೂಡ್ಲೆ ಹೊಡಕೊಂಡ ಹೋದ್ರ ತಿರುಗತೈತಿ. ಬರದ್ಯಾ?”

“ಬರದೆ ಯಕ್ಕಾ.”

“ನಿನ್ನ ಬುಕ್ಕಿನ್ಯಾಗ ನನ್ನ ಹೆಸರು ಹಾಕ್ತೀಯೇನು?” ಎಂದು ನಗುತ್ತ ಕೇಳಿದಳು. ಮೊದಲನೆಯ ಪುಟದಲ್ಲೇ ಹಾಕುತ್ತೇನೆಂದು ಮಾತು ಕೊಟ್ಟೆ.

ಊರಿಗೆ ಬಂದು ಶುದ್ಧಪ್ರತಿ ಬರೆಯುವಾಗ ಆ ಸಾಲಿಗೆ ಬಂದು ನಿಂತೆ. ಅರ್ಧ ದಿನ ಸುಮ್ಮನೆ ಕಾಯುವುದೆಂದರೆ ನನಗೆ ಸೋಮಾರಿಗಳ ಮಾತಿನಂತೆ ಕಂಡಿತು. ಕಚೇರಿಯ ಹಾಳೆಗಳೆಲ್ಲ ‘ತಡಮಾಡದೆ’, ‘ಕೂಡಲೇ’ ಎನ್ನುತ್ತವೆ. ಓದಿದವರು ನಕ್ಕರೆ ನಗುವುದು ನನ್ನನ್ನು ನೋಡಿ ತಾನೆ? ಯಾರನ್ನಾದರೂ ಕೇಳಬಹುದಿತ್ತು, ಕೇಳಿದರೆ ನನಗೆ ಗೊತ್ತಿಲ್ಲವೆಂದು ಗೊತ್ತಾಗುತ್ತದೆ. ‘ಬೆದೆಗೆ ಬಂದುದು ಕಂಡ ಕೂಡಲೇ, ತಡಮಾಡದೆ ಆಕಳನ್ನು ದವಾಖಾನೆಗೆ ಒಯ್ಯಬೇಕು’ ಎಂದು ಬರೆದೆ. ಅಕ್ಷರ ಮಾತ್ರ ಮುತ್ತಿನಂತೆ ಬಂದಿದ್ದವು.

ಸಾಹೇಬರು ಓದಿ ಬೆರಗಾದರು. “ನಿಮಗೆ ಇಷ್ಟೆಲ್ಲಾ ಗೊತ್ತಿದೆ ಅಂತ ನನಗೆ ಗೊತ್ತೇ ಇರಲಿಲ್ಲ!” ನಾನು ಮುಗುಳ್ನಕ್ಕೆ. ಆ ನಗೆಯೇ ನನ್ನ ಎರಡನೆಯ ತಪ್ಪು. ನಕ್ಕ ಮೇಲೆ ಗಂಗವ್ವನ ಹೆಸರಿಗೆ ಜಾಗವೆಲ್ಲಿ? ಮುದ್ರಣಕ್ಕೆ ಕೊಡುವ ಮುನ್ನ, ಮೊದಲ ಪುಟಕ್ಕೆಂದು ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದ ಆಕೆಯ ಹೆಸರಿನ ಮೇಲೆ ಗೆರೆ ಎಳೆದೆ. ಪುಸ್ತಕದ ಮೇಲೆ ‘ಸಂಗ್ರಹಿಸಿ ವಿವರಿಸಿದವರು’ ಎಂದು ನನ್ನ ಹೆಸರೊಂದೇ ಬಂತು. ಟಿಕೋಟಾದ ಸಭೆಯಲ್ಲಿ ಶಾಲು ಹೊದಿಸಿದರು. ಒಳ್ಳೆಯ ಬಿಸಿಲಿನಲ್ಲೂ ಅದನ್ನು ತೆಗೆಯದೆ ಬಸ್ಸಿನಲ್ಲಿ ಬಂದೆನೆಂದರೆ ನನ್ನ ಸ್ಥಿತಿ ನಿಮಗೆ ತಿಳಿದೀತು.

ಎರಡು ವರ್ಷ ಕಳೆದಿತ್ತು. ಹೊನವಾಡದ ಒಬ್ಬ ರೈತ ನನ್ನ ಪುಸ್ತಕವನ್ನು ಪೇಟದ ಮಡಿಕೆಯಿಂದ ತೆಗೆದು ತೋರಿಸಿದ. “ನೀವ ಬರದಂಗನ ಮಾಡೀನ್ರಿ. ಒದರಿದ ಕೂಡ್ಲೆ ಹೊಡಕೊಂಡ ಹೋದೆ. ಸಂಜಿಗೆ ತರ್ರಿ ಅಂದ್ರು ದವಾಖಾನ್ಯಾಗ. ಬುಕ್ಕ ತೋರ್ಸಿ ಹಾಕಿಸಿಕೊಂಡ ಬಂದೆ. ಐದ ಸಲ ತಿರುಗಿತು. ಗೊಡ್ಡ ಐತಿ ಅಂತ ಮಾರಿಬಿಟ್ಟೆ.”

ನಾನು ಆತನಿಗೆ ಏನು ಹೇಳಿದೆ ಗೊತ್ತೇ? “ಕೆಲವು ಆಕಳ ತಳಿನ ಹಂಗಿರ್ತೈತಿ” ಎಂದೆ. ತಪ್ಪನ್ನು ಆಕಳಿನ ಮೇಲೆ ಹೊರಿಸಿ ಆತನ ಮನೆಯಲ್ಲೇ ಚಹಾ ಕುಡಿದೆ. ವಾರದೊಳಗೆ ಒಬ್ಬ ಹಿರಿಯ ದನದ ವೈದ್ಯರು ಮಾತಿಗೆ ಮಾತು ಬಂದಾಗ ಹೇಳಿದ್ದು ಗಂಗವ್ವನ ಮಾತನ್ನೇ, ಅಕ್ಷರಕ್ಕೆ ಅಕ್ಷರ. ಆಮೇಲಾದರೂ ತಿದ್ದಿದೆನೇ? ಇಲ್ಲ. ಪುಸ್ತಕ ಎರಡನೆಯ ಸಲ ಅಚ್ಚಾಗುವಾಗಲೂ ಬಾಯಿ ತೆರೆಯಲಿಲ್ಲ. ಮಮದಾಪುರದ ಫಲಕವಿದ್ದ ಬಸ್ಸು ಕಂಡರೆ ಮುಖ ತಿರುಗಿಸಿ ನಿಲ್ಲುವುದನ್ನು ರೂಢಿ ಮಾಡಿಕೊಂಡೆ. ನಿವೃತ್ತಿಯಾಯಿತು, ಮೊಮ್ಮಕ್ಕಳಾದರು, ರೂಢಿ ಹೋಗಲಿಲ್ಲ.

ಗಿಣ್ಣ ಬಂದ ಮೂರನೆಯ ದಿನ ಆ ಬಸ್ಸು ಹತ್ತಿದೆ.

ಗಂಗವ್ವ ಬದುಕಿದ್ದಳು. ಕೊಟ್ಟಿಗೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದಳು. ಕಣ್ಣು ಮಂಜಾಗಿದ್ದವು, ಬೆನ್ನು ಬಾಗಿತ್ತು. ನನ್ನ ಧ್ವನಿಯನ್ನು ಹಿಡಿದಳು. “ಮ್ಯಾಲಿನ ಹಲ್ಲಿನ ತಮ್ಮಾ ಬಂದೇನು?” ಎಂದಳು. ನಾನು ಕಾಲು ಹಿಡಿಯಲು ಬಗ್ಗಿದೆ. “ಕಾಲ ಬಿಡೋ, ಮದ್ಲ ಮಣಕಾಲು ನೋಯ್ತಾವ. ಕುಂತ ಮಾತಾಡು.”

ಕೂತು ಎಲ್ಲವನ್ನೂ ಹೇಳಿದೆ. ಹೆಸರಿನ ಮೇಲೆ ಗೆರೆ ಎಳೆದದ್ದು, ಶಾಲು ಹೊದ್ದದ್ದು, ಬೆದೆಯ ಸಾಲನ್ನು ಕೆಡಿಸಿ ಬರೆದದ್ದು.

“ಗೊತ್ತೈತಿ” ಎಂದಳು ಆಕೆ. “ಬುಕ್ಕ ಬಂದ ವರ್ಷನ ಓದಿ ಹೇಳಿದ್ರು. ಹೆಸರಿಲ್ಲ ಅಂದಾಗ ನಕ್ಕೆ. ಬೆದಿ ಮಾತು ಕೇಳಿದ ಮ್ಯಾಲ ನಗಲಿಲ್ಲ. ಮನಿಮನಿಗೆ ಹೋಗಿ ಹೇಳಿದೆ, ಅದ ತಪ್ಪೈತಿ, ಮುಂಜಾನಿ ಬಂದ್ರ ಸಂಜಿಗಿ ಅಂತ. ‘ಅಚ್ಚಿನ್ಯಾಗ ಹಂಗಿಲ್ಲ ಬೇ’ ಅಂದ್ರು. ಮದ್ಲ ಏನ ಆದ್ರೂ ನನ್ನನ್ನ ಕರೀತಿದ್ರು. ಆಮ್ಯಾಲ ಯಾರೂ ಕರೀಲಿಲ್ಲ. ನಮ್ಮ ಮೈದುನನ ಮಣಕ, ನಾನ ಜ್ವಾಪಾನ ಮಾಡಿದ್ದು, ಗೊಡ್ಡ ಅಂತ ಮಾರಿದ್ರು. ಗೊಡ್ಡ ಇರಲಿಲ್ಲ ಅದು.”

ಮತ್ತೆ ಹೇಳಿದಳು: “ನನ್ನ ಹೆಸರು ಅಲ್ಲಿ ಇದ್ದಿದ್ರ ನನ್ನ ಮಾತ ಕೇಳ್ತಿದ್ರು. ಅದಕ್ಕ ಬೇಕಾಗಿತ್ತೋ ಹೆಸರು. ಮತ್ಯಾಕ?”

ಇಷ್ಟು ವರ್ಷ ನಾನು ಕದ್ದದ್ದು ಒಂದು ಹೆಗ್ಗಳಿಕೆಯನ್ನು ಎಂದುಕೊಂಡಿದ್ದೆ. ನಾನು ಕದ್ದದ್ದು ಆಕೆಯ ಮಾತಿಗಿದ್ದ ಬೆಲೆಯನ್ನು.

“ಏನ ಮಾಡ್ಲಿ ಯಕ್ಕಾ?”

“ನನ್ನ ಮುಂದ ಹೇಳಿ ಏನ ಮಾಡ್ತಿ? ನಂಗ ಗೊತ್ತಿದ್ದದ್ದ. ಸಂಜಿಗೆ ಡೇರಿಗೆ ಹಾಲ ಹಾಕಾಕ ಎಲ್ಲಾರೂ ಬರ್ತಾರ. ಅಲ್ಲಿ ಹೇಳು. ನನ್ನ ಕೈ ಹಿಡಕೊಂಡ ನಡಿ.”

ಡೇರಿಯ ಮುಂದೆ ಕ್ಯಾನುಗಳ ಸಾಲು. ನಾನು ನಿಂತು ಹೇಳಿದೆ. ಎರಡು ಸಲ ತಡವರಿಸಿದೆ. ಮುಗಿದಾಗ ಒಬ್ಬ ತರುಣ ನಕ್ಕುಬಿಟ್ಟ: “ಅದು ಈಗ ಎಲ್ಲಾರಿಗೂ ಗೊತ್ತೈತ್ರಿ ಅಜ್ಜಾರ. ಫೋನಿನ್ಯಾಗ ಬರ್ತೈತಿ.” ಉಳಿದವರೂ ನಕ್ಕರು. ನನ್ನ ದೊಡ್ಡ ಪಾಪ ಅಷ್ಟು ಹಳತಾಗಿತ್ತು. ನನ್ನ ತಪ್ಪೊಪ್ಪಿಗೆಯಿಂದ ಇನ್ನು ಒಂದು ಆಕಳಿಗೂ ಉಪಯೋಗವಿರಲಿಲ್ಲ.

ಆದರೆ ಸಾಲಿನಲ್ಲಿದ್ದ ಒಬ್ಬ ಮುದುಕ ನಗಲಿಲ್ಲ. ಕ್ಯಾನು ಕೆಳಗಿಟ್ಟು ಗಂಗವ್ವನ ಮುಂದೆ ಬಂದು ನಿಂತ. “ಬುಕ್ಕಿಗಿಂತ ನೀ ಹೆಚ್ಚೇನಬೇ ಅಂದಾಂವ ನಾನ. ತಪ್ಪಾತ ಯಕ್ಕಾ.”

“ಮದ್ಲ ಹಾಲ ಹಾಕಿ ಬಾ, ಕೆಡತೈತಿ” ಎಂದಳು ಆಕೆ.

ಅಷ್ಟರಲ್ಲಿ ಆಗಷ್ಟೇ ಹಾಲು ತಂದ ಊರಿನ ಒಬ್ಬ ಸೊಸೆ, ಕಚೇರಿಯಿಂದ ಬಂದವನು ಎಂದುಕೊಂಡೋ ಏನೋ, ನನ್ನ ಕಡೆ ತಿರುಗಿದಳು: “ಅಜ್ಜಾರ, ನಮ್ಮ ಆಕಳು ಎರಡ ದಿನ ಆತು, ಮೆಲಕ ಹಾಕವಲ್ದು. ಏನ ಮಾಡೂದ್ರಿ?” ಹಳೆಯ ಚಾಳಿಗೆ ಬಾಯಿ ತೆರೆದುಕೊಂಡಿತು. ಮುಚ್ಚಿದೆ. “ನಂಗ ಗೊತ್ತಿಲ್ಲವ್ವಾ. ಯಕ್ಕನ್ನ ಕೇಳು” ಎಂದೆ. ಎಪ್ಪತ್ತು ದಾಟಿದ ಮೇಲೆ ಕಲಿತ ಮಾತು ಅದು. ಗಂಗವ್ವ ಆ ಹುಡುಗಿಯ ಕೈ ಹಿಡಿದು, ಆಕಳು ಏನು ತಿಂದಿತ್ತು, ಹೊಟ್ಟೆ ಎಡಗಡೆ ಉಬ್ಬಿದೆಯೇ ಎಂದು ಕೇಳಿದಳು. “ದವಾಖಾನಿಗೆ ಹೇಳಿ ಕಳಸು. ಅವರು ಬರೂತನಕ ನಾ ಅಲ್ಲೇ ಇರ್ತೀನಿ, ನಡಿ” ಎಂದಳು. ಅವಳ ಹಿಂದೆ ಇನ್ನೂ ಇಬ್ಬರು ಹೆಂಗಸರು ಹೊರಟರು.

ಈಗ ವಾರಕ್ಕೊಮ್ಮೆ ಮಮದಾಪುರಕ್ಕೆ ಹೋಗುತ್ತೇನೆ. ಆಕೆ ಹೇಳಿದ್ದನ್ನು ಬರೆದು, ಅಲ್ಲೇ ಓದಿ ತೋರಿಸಿ, ಆಕೆ ಹೂಂ ಎಂದ ಮೇಲೆಯೇ ಮುಂದಿನ ಸಾಲು. ಈ ಬರಹವನ್ನೂ ಮೊನ್ನೆ ಓದಿದೆ. ಡೇರಿಗೆ ಹೊರಡುವ ಮುನ್ನ ‘ಗಂಗವ್ವನ ಕಣ್ಣು ಒದ್ದೆಯಾದವು’ ಎಂದು ಒಂದು ವಾಕ್ಯ ಸೇರಿಸಿದ್ದೆ. ಓದುವವರಿಗೆ ಹಿಡಿಸುತ್ತದೆಂದು.

“ಯಾರ ಕಣ್ಣೋ? ನಾ ಯಾವಾಗ ಅತ್ತೀನಿ?” ಎಂದು ತಡೆದಳು. “ಸಿಟ್ಟಿನ್ಯಾಗ ಇದ್ದೆ ನಾ. ಸಿಟ್ಟು ಅಂತ ಬರಿ.”

ಆ ವಾಕ್ಯ ಹೊಡೆದುಹಾಕಿದ್ದೇನೆ. ಅಂದು ಗಂಗವ್ವ ಸಿಟ್ಟಿನಲ್ಲಿದ್ದಳು.