ತೊಳೆದ ನೆಲ

ಮಗಳು ತೀರಿಕೊಂಡ ಮೇಲೆ ಮೊಮ್ಮಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಅವಳಿಗೆ ಪರವಾಡದ ಔಷಧಿ ಕಂಪನಿಯಲ್ಲಿ ಕೆಲಸ. ಕಂಪನಿ ಬಸ್ಸು ಕೆಳಗೆ ಬಂದು ಹಾರ್ನ್ ಹೊಡೆದು ಹೊಡೆದು ಹೋಗುತ್ತಿತ್ತು. ಉಂಡರೆ ಉಂಡಳು, ಇಲ್ಲದಿದ್ದರೆ ಇಲ್ಲ. ನಾನು ಬಳ್ಳಾರಿಗೆ ವಾಪಸು ಹೋಗದೆ ವಿಶಾಖಪಟ್ಟಣದಲ್ಲಿ ಅಳಿಯನ ಮನೆಯಲ್ಲೇ ಉಳಿದೆ. ಅಡಿಗೆಗೆ ಒಬ್ಬರು ಬೇಕಿತ್ತು.

ಅಳಿಯ ಯಾವುದೋ ಮದುವೆಗೆ ಅವಳನ್ನು ವಿಜಯವಾಡಕ್ಕೆ ಎಳೆದುಕೊಂಡು ಹೋದ. ಬರುವಾಗ ಕಾರಿನಲ್ಲಿ ನಾಯಿ. ದಿಕ್ಕಿಲ್ಲದ ನಾಯಿಗಳನ್ನು ಸಾಕುವ ಜಾಗದಿಂದ ತಂದದ್ದು. ಕಂದು ಬಣ್ಣ, ಒಂದು ಕಿವಿ ಅರ್ಧ ಇಲ್ಲ. "ಇಷ್ಟು ದಿನದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ ಅತ್ತಯ್ಯಗಾರು, ಹೇಗೆ ಬೇಡ ಅನ್ನಲಿ?" ಅಂದ. ನನಗಂತೂ ಬೇಡವಾಗಿತ್ತು. ಆದರೆ ಮಾರನೆಯ ದಿನ ಹುಡುಗಿ ಎದ್ದಳು, ನಾಯಿಗೆ ಮೊಸರನ್ನ ಕಲಸಿದಳು, ತಾನೂ ಎರಡು ತುತ್ತು ತಿಂದು ಬಸ್ಸು ಹತ್ತಿದಳು.

ಹಗಲೆಲ್ಲ ಅದು ನನ್ನ ಪಾಲಿಗೆ. ಕೆಳಗೆ ಮಣ್ಣಿರುವ ಕಡೆ ಕರೆದುಕೊಂಡು ಹೋದರೆ ನನ್ನ ಮಂಡಿ ನೋಯುವವರೆಗೂ ಸುಮ್ಮನೆ ನಿಲ್ಲುತ್ತಿತ್ತು, ಒಂದು ಹನಿ ಇಲ್ಲ. ಲಿಫ್ಟಿನಲ್ಲಿ ಮೇಲೆ ಬಂದು ನಮ್ಮ ಬಾಗಿಲ ಮುಂದೆ ಹೊಯ್ಯುತ್ತಿತ್ತು. ನಾನು ನೀರು ಸುರಿದು ತಿಕ್ಕಿ ತೊಳೆಯುತ್ತಿದ್ದೆ. ಈ ಸಮುದ್ರದ ಗಾಳಿಗೆ ನೆಲ ಬೇಗ ಆರುವುದಿಲ್ಲ. ಪೊರಕೆ ಒಳಗಿಟ್ಟು ಬರುವಷ್ಟರಲ್ಲಿ ಮತ್ತೆ ಅಲ್ಲೇ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಟ್ಟರೆ ಅದರ ಮೇಲೂ. ಮಗಳು ದಿನಾ ಇಡುತ್ತಿದ್ದ ರಂಗೋಲಿ ಅದು. ಅವಳು ಹೋದ ಮೇಲೆ ನಾನು ತಪ್ಪಿಸಿರಲಿಲ್ಲ.

ಎದುರು ಮನೆಯಾಕೆ ನಗುತ್ತಲೇ ಚುಚ್ಚಿದಳು: "ಅಮ್ಮಗಾರು, ನಿಮ್ಮ ಬಾಗಿಲಿಗೆ ನೀರು ಹಾಕೋರು ಈಗ ಇಬ್ಬರಾದರು."

"ನಿಮ್ಮ ಬಾಗಿಲಿಗೂ ಕಳಿಸಲಾ?" ಅಂದೆ. ಆಕೆ ನಗು ನಿಲ್ಲಿಸಿದಳು. ವಾಸನೆ ನಿಲ್ಲಲಿಲ್ಲ. ಕೊನೆಗೆ ಮನೆ ಓನರಿಗೇ ದೂರು ಹೋಯಿತು.

ಅಳಿಯ, "ಭಾನುವಾರ ವಿಜಯವಾಡಕ್ಕೆ ಬಿಟ್ಟು ಬರೋಣ. ನೀವೂ ಬನ್ನಿ, ಕಾರಿನಲ್ಲಿ ಹಿಡಿದುಕೊಳ್ಳೋಕೆ ಒಬ್ಬರು ಬೇಕು" ಅಂದ.

"ಹುಡುಗಿ ಮತ್ತೆ ಮಲಗಿಬಿಡ್ತಾಳಲ್ಲಪ್ಪ."

"ಬಾಡಿಗೆ ಮನೆ ಅತ್ತಯ್ಯಗಾರು. ಬಿಡಿಸಿದರೆ ಎಲ್ಲಿಗೆ ಹೋಗೋಣ?"

ಹುಡುಗಿ ಜಗಳ ಆಡಲಿಲ್ಲ. ತೆಲುಗಿನಲ್ಲಿ "ನಾನು ಬರಲ್ಲ" ಅಂದು ಗೋಡೆ ಕಡೆ ತಿರುಗಿದಳು. ಜಗಳ ಆಡಿದ್ದರೆ ವಾಸಿಯಿತ್ತು.

ವಿಜಯವಾಡದ ಆ ಜಾಗ ಸೇರುವಾಗ ಬಿಸಿಲು ಇಳಿದಿತ್ತು. ಒಬ್ಬಾಕೆ ಪೈಪು ಹಿಡಿದು ಸಿಮೆಂಟು ಅಂಗಳ ತೊಳೆಯುತ್ತಿದ್ದಳು. ತೊಳೆದಾದ ಮೇಲೆ ಗೂಡುಗಳ ಬಾಗಿಲು ತೆಗೆದಳು. ನಾಯಿಗಳೆಲ್ಲ ಒದ್ದೆ ನೆಲಕ್ಕೆ ಓಡಿಬಂದು ಹೊಯ್ದವು. ನಮ್ಮದೂ ಹಗ್ಗ ಜಗ್ಗಿಕೊಂಡು ಹೋಗಿ ಹೊಯ್ಯಿತು. ಇಡೀ ಜಾಗದಲ್ಲಿ ಒಂದು ಹಿಡಿ ಮಣ್ಣಿರಲಿಲ್ಲ. ತೊಳೆದ ನೆಲ ಅಂದರೆ ಅದಕ್ಕೆ ಕಕ್ಕಸು. ನಾನು ದಿನಾ ಬಾಗಿಲ ಮುಂದೆ ಅದಕ್ಕೆ ಕಕ್ಕಸು ತೊಳೆದು ಕೊಡುತ್ತಿದ್ದೆ.

ಅಳಿಯನಿಗೆ ಹೇಳಿದೆ: "ವಾಪಸು ಹೋಗೋಣ. ನಾಳೆಯಿಂದ ಬಾಗಿಲಿಗೆ ನೀರು ಹಾಕಲ್ಲ."

"ರಂಗೋಲಿ?"

"ನೀರು ಹಾಕದ ನೆಲಕ್ಕೆ ಎಂಥ ರಂಗೋಲಿ."

"ಅವಳು ಒಂದು ದಿನಾನೂ ಬಿಟ್ಟವಳಲ್ಲ."

"ಅವಳೇ ಇಲ್ಲ. ಕಾರು ತೆಗಿ."

ಅವನು ಕಾರಿನ ಬಾಗಿಲು ತೆಗೆದ, ನಾಯಿ ತಾನೇ ಹತ್ತಿತು.

ನಮ್ಮ ಮನೆ ಕೆಳಗೆ ನೀರಿನ ಮೋಟಾರು ಇರುವ ಕಡೆ ಸಿಮೆಂಟು ನೆಲ ಇದೆ. ಅಲ್ಲಿ ಒಂದು ಚೊಂಬು ನೀರು ಚೆಲ್ಲಿ ನಿಂತೆ, ಹೊಯ್ಯಿತು. ನೀರು ಚೆಲ್ಲುವ ಜಾಗವನ್ನು ದಿನಾ ಸ್ವಲ್ಪ ಸ್ವಲ್ಪ ಮಣ್ಣಿನ ಕಡೆ ಸರಿಸಿದೆ. ಕೊನೆಗೆ ನೀರೂ ಬೇಡವಾಯಿತು. ಮನೆಯಲ್ಲಿ ನೆಲ ಒರೆಸುವಾಗ ನಾಯಿಯನ್ನು ಬಾಲ್ಕನಿಗೆ ಹಾಕಿ, ಆರಿದ ಮೇಲೆ ಒಳಗೆ ಬಿಡುತ್ತಿದ್ದೆ. ನಡುವೆ ಎಷ್ಟೋ ಸಲ ಕೆಟ್ಟಿತು, ಎಷ್ಟೋ ಸಲ ಬೈದೆ. ಎದುರು ಮನೆಯಾಕೆ, ಬಾಗಿಲು ಬೋಳಾಗಿ ಬಿಟ್ಟರೆ ಮನೆಗೆ ಒಳ್ಳೆಯದಲ್ಲ ಅಂದಳು. ಆಗಬೇಕಾದ ಕೆಟ್ಟದ್ದು ರಂಗೋಲಿ ಇದ್ದಾಗಲೇ ಆಗಿತ್ತು.

ಹುಡುಗಿ ಪೂರ್ತಿ ಸರಿಹೋಗಿಲ್ಲ. ವಾರದಲ್ಲಿ ಒಂದೆರಡು ದಿನ ಬಸ್ಸು ಈಗಲೂ ಅವಳಿಲ್ಲದೆ ಹೋಗುತ್ತದೆ. ಆದರೆ ನಾಯಿ ಈಗ ಮನೆಯೊಳಗೆ ಹೊಯ್ಯುವುದಿಲ್ಲ. ಕೆಳಗೆ ಹೋಗಬೇಕಾದಾಗ ಅವಳ ಹೊದಿಕೆ ಕೆರೆಯುತ್ತದೆ. ನಾನು ಎದ್ದು ಹೋಗುವುದಿಲ್ಲ. ಅವಳು ಗೊಣಗಿಕೊಂಡು ಏಳುತ್ತಾಳೆ, ತಲೆ ಬಾಚದೆ ಚಪ್ಪಲಿ ಮೆಟ್ಟಿ ಕೆಳಗೆ ಇಳಿಯುತ್ತಾಳೆ. ಮೇಲೆ ಬಂದು ಮತ್ತೆ ಮಲಗುತ್ತಾಳೆ.